ಎರ್ಮಿಲೋ ಮೇಷ್ಟ್ರ ಸಕ್ಕರೆಯಿಲ್ಲದ ಚಾಕೊಲೇಟ್

ಸಾಂತಾ ರೊಮೆಲಿಯಾದ ಜನ ತಮ್ಮನ್ನು ವಿಪರೀತ ಗೌರವಿಸುತ್ತಾರೆ ಎಂದು ಎರ್ಮಿಲೋ ಮೇಷ್ಟ್ರು ಎರಡು ವರ್ಷ ನಂಬಿಕೊಂಡಿದ್ದರು. ನಂಬಿಕೆಗೆ ಆಧಾರ ಇರಲಿಲ್ಲ ಎನ್ನುವಂತಿಲ್ಲ. ಎರಡು ವರ್ಷದಲ್ಲಿ ಒಂದೇ ಒಂದು ನರಪ್ರಾಣಿ ಅವರ ಹೊಸಿಲು ದಾಟಿ ಒಳಗೆ ಬಂದಿರಲಿಲ್ಲ! ಬೀದಿಯಲ್ಲಿ ಅವರು ಎದುರಾದರೆ ಹೆಂಗಸರು ಆಚೆ ಬದಿಗೆ ದಾಟುತ್ತಿದ್ದರು. ಗಂಡಸರಿಗೆ ಕತ್ತೆಗೆ ನೀರು ಕುಡಿಸುವುದು ಇದ್ದಕ್ಕಿದ್ದಂತೆ ನೆನಪಾಗುತ್ತಿತ್ತು. 'ವಿದ್ವಾಂಸನ ಏಕಾಂತಕ್ಕೆ ಭಂಗ ತರಬಾರದು ಅನ್ನೋ ಸೂಕ್ಷ್ಮ ಈ ಜನಕ್ಕಿದೆ' ಎಂದುಕೊಂಡು ಮೇಷ್ಟ್ರು ಎದೆಯುಬ್ಬಿಸಿ ಮನೆಗೆ ಬರುತ್ತಿದ್ದರು. ಬಂದು, ಆ ಘನವಾದ ಏಕಾಂತದಲ್ಲಿ, ಗೋಡೆ ಗಡಿಯಾರದ ಟಿಕ್ ಟಿಕ್ ಎಣಿಸುತ್ತ ಕೂರುತ್ತಿದ್ದರು.

ಮೂವತ್ತೊಂದು ವರ್ಷ ಊರಿನ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ವಹಾಕಾ ಕಣಿವೆಯ ಆ ಭಾಗದಲ್ಲಿ ಶ್ವಾಸಕೋಶದ ಬಗ್ಗೆ ಅವರಷ್ಟು ಮಾತಾಡಿದವರು ಇನ್ನೊಬ್ಬರಿಲ್ಲ. ನಿವೃತ್ತಿಯಿಂದ ಸಂಬಳ ನಿಂತಿತೇ ಹೊರತು ಪಾಠ ನಿಲ್ಲಲಿಲ್ಲ. ಹೆಂಡತಿ ಲಿಬ್ರಾದಾ ಇರುವವರೆಗೆ ಆ ಪಾಠವೆಲ್ಲ ಅವಳ ಪಾಲಿಗಿತ್ತು. ಅವಳು ಈರುಳ್ಳಿ ಹೆಚ್ಚುತ್ತ, "ಹೂಂ... ಹೌದಾ... ಹಾಗೂ ಉಂಟಾ?" ಎಂದು ಮೂರೇ ಮಾತಿನಲ್ಲಿ ಇಡೀ ವಿಜ್ಞಾನವನ್ನು ಸುಧಾರಿಸುತ್ತಿದ್ದಳು. ಅವಳು ಹೋದ ಮೇಲೆ ವಿಜ್ಞಾನಕ್ಕೆ ಹೂಂಗುಟ್ಟುವವರಿಲ್ಲದಂತಾಯಿತು. ಮೇಷ್ಟ್ರು ಮನೆಯಲ್ಲೇ ಸಾರ್ವಜನಿಕ ಉಪನ್ಯಾಸಗಳನ್ನು ಏರ್ಪಡಿಸಿದರು. ಮೊದಲನೆಯದು 'ನೊಣ: ನಮ್ಮ ಶತ್ರು.' ಎರಡನೆಯದು 'ಕೈ ತೊಳೆಯುವ ಏಳು ಹಂತಗಳು.' ಮೂರನೆಯದು 'ಮಲಬದ್ಧತೆ ಮತ್ತು ನಾವು.' ಮೂರಕ್ಕೂ ಸೇರಿ ಬಂದವರ ಸಂಖ್ಯೆ: ಒಂದು ನೊಣ. ಅದೂ ಮೊದಲನೆಯದಕ್ಕೆ.

ಇನ್ನು ಚಾಕೊಲೇಟಿನ ವಿಷಯ. ಆ ಊರಲ್ಲಿ ಬೆಳಗಾಗುವುದು ಸೂರ್ಯನಿಂದಲ್ಲ, ಚಾಕೊಲೇಟಿನಿಂದ. ಕುದಿಯುವ ನೀರಿಗೆ ಬಿಲ್ಲೆ ಹಾಕಿ, ಮರದ ಕಡಗೋಲನ್ನು ಎರಡು ಅಂಗೈ ನಡುವೆ ಹಿಡಿದು ಬುರಬುರನೆ ನೊರೆ ಬರುವಂತೆ ಕಡೆದು, ಹಳದಿ ಬನ್ನನ್ನು ಅದ್ದಿ ತಿಂದರೆ ಮನುಷ್ಯ. ಇಲ್ಲದಿದ್ದರೆ ಇನ್ನೂ ಹಾಸಿಗೆಯಲ್ಲಿರುವ ಸಾಮಾನು. ಲಿಬ್ರಾದಾ ಎರಡು ತಿಂಗಳಿಗೊಮ್ಮೆ ಕೋಕೋ ಬೀಜವನ್ನು ಹಂಚಿನ ಮೇಲೆ ಹುರಿದು, ಸಿಪ್ಪೆ ತೆಗೆದು, ಬಾದಾಮಿ, ಚಕ್ಕೆ, ಸಕ್ಕರೆ ಸೇರಿಸಿ ಗಿರಣಿಗೆ ಒಯ್ದು ಬೀಸಿಸಿಕೊಂಡು ಬಂದು ಬಿಲ್ಲೆ ತಟ್ಟುತ್ತಿದ್ದಳು. "ನಿನ್ನ ಚಾಕೊಲೇಟಲ್ಲಿ ರುಚಿ ಇದೆ, ವಿಜ್ಞಾನ ಇಲ್ಲ" ಎಂದು ಮೇಷ್ಟ್ರು ಛೇಡಿಸಿದರೆ, "ವಿಜ್ಞಾನ ಬೇಕಾದರೆ ಬರೀ ನೀರು ಕುಡೀರಿ. ಅದೂ ಕುದಿಸಿ, ಆರಿಸಿ, ಸೋಸಿ" ಎನ್ನುತ್ತಿದ್ದಳು. ಅವಳು ಹೋದ ಮೇಲೆ ಮೇಷ್ಟ್ರು ಸಂತೆಯಿಂದ ಸಿದ್ಧ ಬಿಲ್ಲೆ ತರುತ್ತಿದ್ದರು.

ಹೀಗಿರುವಾಗ ಒಂದು ದಿನ ತಲೆ ಸುತ್ತು ಬಂದು ಆರೋಗ್ಯ ಕೇಂದ್ರಕ್ಕೆ ಹೋದರು. ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರು ರಕ್ತ ನೋಡಿ, ಹುಬ್ಬೇರಿಸಿದಳು.

"ಸಕ್ಕರೆ ಗಡಿ ದಾಟಿದೆ ಮೇಷ್ಟ್ರೇ. ದಿನಕ್ಕೆ ಎಷ್ಟು ಲೋಟ ಚಾಕೊಲೇಟು?"

"ಒಂದು."

"ಒಂದೇನಾ?"

"ನಂದು ಒಂದು."

"ಇನ್ನೊಂದು ಯಾರದು?"

"ಲಿಬ್ರಾದಾಳದು."

ಡಾಕ್ಟರು ಪೆನ್ನು ಕೆಳಗಿಟ್ಟಳು. "ಅವರು ತೀರಿಕೊಂಡು..."

"ಎರಡು ವರ್ಷ, ಗೊತ್ತು. ಆದರೆ ಗಡಿಗೆ ಎರಡು ಲೋಟದ್ದು ನೋಡಿ ಡಾಕ್ಟ್ರಮ್ಮ. ಅದಕ್ಕಿಂತ ಕಡಿಮೆ ಮಾಡಿದರೆ ಕಡಗೋಲು ಮುಳುಗೋದಿಲ್ಲ. ಎರಡನೇದು ಆರೋವರೆಗೂ ಕಾಯ್ತೀನಿ. ಆಮೇಲೆ ನಾನೇ ಕುಡೀತೀನಿ. ಚೆಲ್ಲೋಕಾಗುತ್ತಾ?"

ಡಾಕ್ಟರು ಪೆನ್ನನ್ನು ಮತ್ತೆ ಕೈಗೆತ್ತಿಕೊಂಡಳು. ಆಮೇಲೆ ಹೇಳಿದಳು: "ಕೋಕೋ ಕೆಟ್ಟದ್ದಲ್ಲ. ರಕ್ತದೊತ್ತಡ ಒಂದೆರಡು ಅಂಕ ಇಳಿಸಲೂಬಹುದು. ಆದರೆ ಸಂತೆ ಬಿಲ್ಲೆಯಲ್ಲಿ ನೀವು ಕುಡೀತಿರೋದು ಕೋಕೋ ಅಲ್ಲ, ಕೋಕೋ ಬಣ್ಣದ ಸಕ್ಕರೆ."

ಮೇಷ್ಟ್ರ ಕಿವಿಗೆ ಹೊಕ್ಕಿದ್ದು 'ರಕ್ತದೊತ್ತಡ ಇಳಿಸಲೂಬಹುದು' ಎಂಬುದು ಮಾತ್ರ. ಮನೆಗೆ ಬರುವಷ್ಟರಲ್ಲಿ ಅದು ಇಡೀ ಮಾನವಕುಲದ ರಕ್ತದೊತ್ತಡವಾಗಿ ಬೆಳೆದಿತ್ತು. ಕನ್ನಡಿಯ ಮುಂದೆ ನಿಂತು ಘೋಷಿಸಿದರು: "ಎರ್ಮಿಲೋ! ಸಕ್ಕರೆಯ ಸಾಮ್ರಾಜ್ಯವನ್ನು ಈ ಊರಿನಿಂದ ಬೇರು ಸಮೇತ ಕಿತ್ತೆಸೆಯತಕ್ಕವನು ನೀನೇ!" ಕನ್ನಡಿಯಲ್ಲಿದ್ದವರು ಕೂಡಲೇ ಒಪ್ಪಿದರು. ಒಳಗೊಳಗೆ ಇನ್ನೊಂದು ಲೆಕ್ಕಾಚಾರವೂ ಇತ್ತು. ನೊಣಕ್ಕೆ ಬರದ ಜನ ಚಾಕೊಲೇಟಿಗಾದರೂ ಬಂದಾರು. ಒಂದು ಸಲ, ಒಂದೇ ಒಂದು ಸಲ, ಆ ಮನೆಯಲ್ಲಿ ಎರಡಕ್ಕಿಂತ ಹೆಚ್ಚು ಲೋಟ ತೊಳೆಯುವಂತಾಗಬೇಕು.

ಉಪನ್ಯಾಸದ ಹೆಸರು: 'ಚಾಕೊಲೇಟಿನ ಪೌಷ್ಟಿಕ ಮೌಲ್ಯ ಮತ್ತು ಮನುಷ್ಯನ ಆರೋಗ್ಯ.' ಶನಿವಾರ ಸಂಜೆ ಐದಕ್ಕೆ. ಕೊನೆಯಲ್ಲಿ ಪ್ರಾತ್ಯಕ್ಷಿಕೆ, ಅಂದರೆ ಸಕ್ಕರೆಯಿಲ್ಲದ ಶುದ್ಧ ಚಾಕೊಲೇಟು.

ಗುರುವಾರ ಐದು ಕಿಲೋ ಕೋಕೋ ಹೊತ್ತು ಗಿರಣಿಗೆ ಹೋದರು. ಗಿರಣಿಯ ಚೋನಾ ಮೂವತ್ತು ವರ್ಷದಿಂದ ಊರಿನ ಕೋಕೋ ಬೀಸುವವಳು. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಜಗಳ ಎಂಬುದನ್ನು ಬೀಸುವ ಪ್ರಮಾಣದಲ್ಲೇ ಹೇಳಬಲ್ಲವಳು. ಮೇಷ್ಟ್ರ ಬುಟ್ಟಿ ನೋಡಿ ಅವಳ ಕಣ್ಣು ಅಗಲವಾಯಿತು.

"ಐದು ಕಿಲೋನಾ! ಸಕ್ಕರೆ ಎಲ್ಲಿ ಮೇಷ್ಟ್ರೇ?"

"ಸಕ್ಕರೆ ಬೇಡ."

"ಬಾದಾಮಿ?"

"ಬೇಡ. ಅಮ್ಮಾ ಚೋನಾ, ಈ ಬೀಜ ಅಂದರೆ ಏನು ಅಂದುಕೊಂಡಿದೀಯ? ಮೆಗ್ನೀಸಿಯಂ! ಕಬ್ಬಿಣ! ರಕ್ತನಾಳ ಸಡಿಲಿಸುವ ಫ್ಲಾವನಾಲು! ಇದಕ್ಕೆ ಸಕ್ಕರೆ ಬೆರೆಸೋದು ಅಂದರೆ ವೈದ್ಯರನ್ನು ಮನೆಗೆ ಕರೆದು ಹಿಂದೆಯೇ ಕಳ್ಳನನ್ನೂ ಕರೆದ ಹಾಗೆ!"

"ಯಾರಿಗೆ ಇಷ್ಟೊಂದು?"

"ಊರಿಗೆಲ್ಲ" ಎಂದರು ಮೇಷ್ಟ್ರು, ಕತ್ತನ್ನು ಒಂದು ಕಡೆಗೆ ವಾಲಿಸಿ. "ಏನು, ಎತ್ತ ಅನ್ನೋದು ಶನಿವಾರ ತಿಳಿಯುತ್ತೆ."

ಅಲ್ಲಿಂದ ಎದುರು ಮನೆಯ ದೊಮಿತಿಲಾಳ ಬೇಕರಿಗೆ ಹೋದರು. ದೊಮಿತಿಲಾ ಲಿಬ್ರಾದಾಳ ಬಾಲ್ಯದ ಗೆಳತಿ. ಗಂಡನಿಲ್ಲ. ಹಿಟ್ಟು ನಾದುವ ಕೈ, ಅದಕ್ಕಿಂತ ಗಟ್ಟಿ ನಾಲಿಗೆ.

"ಶನಿವಾರಕ್ಕೆ ಅರವತ್ತು ಬನ್ನು ಬೇಕು."

"ನಿಮಗಾ? ವಾರಕ್ಕೆ ನಾಲ್ಕು ತಗೋತೀರಿ, ಅದರಲ್ಲಿ ಒಂದು ಗಟ್ಟಿಯಾಯ್ತು ಅಂತ ಬೇರೆ ದೂರ್ತೀರಿ! ಅರವತ್ತು ಯಾಕೆ?"

"ಶನಿವಾರ ತಿಳಿಯುತ್ತೆ."

"ಭಾಷಣ ಅಲ್ಲ ತಾನೆ?"

ಮೇಷ್ಟ್ರು ಉತ್ತರಿಸಲಿಲ್ಲ. ಉತ್ತರಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಶುಕ್ರವಾರ ಸಂಜೆ ದಪ್ಪ ಅಕ್ಷರಗಳಲ್ಲಿ ಪ್ರಕಟಣೆ ಬರೆದು ಬಾಗಿಲಿಗೆ ಅಂಟಿಸಿದರು. ನಾಲ್ಕು ಹೆಜ್ಜೆ ಹಿಂದೆ ಸರಿದು ಅಂದ ನೋಡಿದರು. ಪ್ರಕಟಣೆ ಸೊಗಸಾಗಿತ್ತು. ಅದರ ಮೇಲೆ, ಬಾಗಿಲ ನೆತ್ತಿಯ ಮೊಳೆಯಲ್ಲಿ, ಲಿಬ್ರಾದಾ ತೀರಿಕೊಂಡ ದಿನ ಕಟ್ಟಿದ ಕಪ್ಪು ಬಟ್ಟೆಯ ಗಂಟು ನೇತಾಡುತ್ತಿತ್ತು. ಸಾವಾದ ಮನೆಗೆ ಆ ಊರಲ್ಲಿ ಅದನ್ನು ಕಟ್ಟುತ್ತಾರೆ. ಕೈಯಾರೆ ತೆಗೆಯುವ ಪದ್ಧತಿಯಿಲ್ಲ. ಬಿಸಿಲು ಗಾಳಿಗೆ ಜೀರ್ಣವಾಗಿ ತಾನಾಗಿ ಉದುರಬೇಕು. ಎರಡು ವರ್ಷದ ಬಿಸಿಲಿಗೆ ಅದು ಇಲಿಯ ಬಣ್ಣಕ್ಕೆ ಬಂದಿತ್ತು. ಅಂಚು ಹರಿದಿತ್ತು. ಇನ್ನೊಂದು ಗಾಳಿಗೆ ಬೀಳುವ ಹಾಗಿತ್ತು.

ಊರೆಲ್ಲ ಬರುವ ದಿನ! ಲಿಬ್ರಾದಾಳ ಗಂಟು ಹೀಗೆ ಕೊಳಕಾಗಿ ನೇತಾಡಿದರೆ ಜನ ಏನೆಂದಾರು? ಹೆಂಡತಿಯನ್ನು ಮರೆತ ಎನ್ನರೇ? ಅದೂ ಅಲ್ಲದೆ, ಅದು ಬೀಳುವುದು ಮೇಷ್ಟ್ರಿಗೆ ಬೇಕಿರಲಿಲ್ಲ. ಅದು ಬಿದ್ದರೆ ಬಾಗಿಲಲ್ಲೂ ಅವಳಿಲ್ಲ. ಆಚೀಚೆ ನೋಡಿದರು. ಯಾರೂ ಇರಲಿಲ್ಲ; ಯಾರಾದರೂ ಇರುವ ಬೀದಿಯೇ ಅಲ್ಲ ಅದು. ಕಳ್ಳನ ಹಾಗೆ ಸ್ಟೂಲು ಹತ್ತಿ ಗಂಟನ್ನು ಬಿಚ್ಚಿದರು. ತೊಳೆದರು. ಹರಿದ ಅಂಚಿಗೆ ಹೊಲಿಗೆ ಹಾಕಿದರು. ಬಟ್ಟೆಗೆ ಹಾಕುವ ಕಪ್ಪು ಬಣ್ಣದ ನೀರಲ್ಲಿ ಅದ್ದಿ, ಒದ್ದೆಯಾಗಿದ್ದಾಗಲೇ ಮತ್ತೆ ಮೊಳೆಗೆ ತೂಗುಹಾಕಿದರು. "ಈಗ ನೋಡು ಲಿಬ್ರಾದಾ, ಹೊಸದರ ಹಾಗಿದೆ!" ಎಂದು ಬಾಗಿಲು ಹಾಕಿಕೊಂಡರು.

ಆ ಗಂಟು ಇರುಳೆಲ್ಲ ತೊಟತೊಟ ತೊಟ್ಟಿಕ್ಕಿತು.

ಶನಿವಾರ ಬೆಳಿಗ್ಗೆಯಿಂದ ಮೇಷ್ಟ್ರು ಹೊರಗೆ ತಲೆ ಹಾಕಲಿಲ್ಲ. ಶಾಲೆಯಿಂದ ತರಿಸಿದ್ದ ಹಳೇ ಬೆಂಚುಗಳನ್ನು ಅಂಗಳದಲ್ಲಿ ಸಾಲಾಗಿ ಇಟ್ಟು, ಖಾಲಿ ಬೆಂಚುಗಳ ಮುಂದೆ ಉಪನ್ಯಾಸವನ್ನು ಮೂರು ಸಲ ಒಪ್ಪಿಸಿದರು. ಬೆಂಚುಗಳು ಗಮನವಿಟ್ಟು ಕೇಳಿದವು. ಯಾರೋ ಬಾಗಿಲು ಬಡಿದರು. 'ಕುತೂಹಲ! ತಡೆಯೋಕಾಗ್ತಿಲ್ಲ ಜನಕ್ಕೆ!' ಎಂದು ಮೇಷ್ಟ್ರು ಉಸಿರು ಬಿಗಿಹಿಡಿದು ಸುಮ್ಮನಿದ್ದರು. ಮತ್ತೆ ಬಡಿದರು. ಆಮೇಲೆ ಹೆಜ್ಜೆಗಳು ದೂರವಾದವು. ತುಸು ಹೊತ್ತು ಬಿಟ್ಟು ಬಾಗಿಲನ್ನು ಒಂದು ಗೇಣು ತೆರೆದು, ಮೆಟ್ಟಿಲ ಮೇಲಿದ್ದ ಬನ್ನಿನ ಬುಟ್ಟಿಯನ್ನು ಒಂದೇ ಕೈಯಿಂದ ಸರಕ್ಕನೆ ಒಳಗೆಳೆದುಕೊಂಡರು.

ಮಧ್ಯಾಹ್ನ ಚರ್ಚಿನ ಗಂಟೆ ಹೊಡೆಯತೊಡಗಿತು. ನಿಧಾನವಾಗಿ, ಒಂದೊಂದಾಗಿ. ಸಾವಿನ ಗಂಟೆ. ಮೇಷ್ಟ್ರು ಕೈಯಲ್ಲಿದ್ದ ಉಪನ್ಯಾಸವನ್ನು ಬೆಂಚಿನ ಮೇಲೆ ಕುಕ್ಕಿದರು.

"ಯಾರಪ್ಪಾ ಅದು! ಇವತ್ತೇ ಸಾಯಬೇಕಿತ್ತಾ! ನಾಳೆವರೆಗೆ ತಡೆಯೋಕಾಗ್ತಿರಲಿಲ್ವಾ? ಈಗ ಜನವೆಲ್ಲ ಅಲ್ಲಿಗೇ ಹೋಗ್ತಾರೆ!"

ಸತ್ತವನ ಮೇಲೆ ಮೇಷ್ಟ್ರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬದುಕಿದ್ದಾಗ ಸರಿಯಾಗಿ ಕೈ ತೊಳೆದಿದ್ದರೆ ಈ ಗತಿ ಬರುತ್ತಿತ್ತೇ? ಎರಡನೇ ಉಪನ್ಯಾಸಕ್ಕೆ ಬಂದಿದ್ದರೆ ಬದುಕಿರುತ್ತಿದ್ದ!

ಆದರೂ ನಾಲ್ಕೂವರೆಗೆ ಬಾಗಿಲ ಅಗಳಿ ತೆಗೆದು, ಕರಿ ಸೂಟು ತೊಟ್ಟು, ಅಡುಗೆಮನೆಯಲ್ಲಿ ಹಂಡೆಯ ಮುಂದೆ ಕಡಗೋಲು ಹಿಡಿದು ನಿಂತರು. ಐದು ಗಂಟೆಗೆ ಐದು ನಿಮಿಷವಿತ್ತು. ಕಿವಿ ಪೂರ್ತಿ ಬಾಗಿಲ ಕಡೆಗೆ.

ಒಂದು ಜೊತೆ ಚಪ್ಪಲಿ ಸದ್ದು. ಇನ್ನೊಂದು ಜೊತೆ. ಆಮೇಲೆ ಮಳೆ ಹನಿದ ಹಾಗೆ ಹತ್ತು, ಇಪ್ಪತ್ತು, ನಲವತ್ತು! ಬೆಂಚುಗಳು ಕಿರುಗುಟ್ಟಿದವು. ಬಂದರು! ಸತ್ತವನನ್ನು ಬಿಟ್ಟು ವಿಜ್ಞಾನದ ಕಡೆಗೆ ಬಂದರು! ಕಣ್ಣು ಒದ್ದೆಯಾಯಿತು, ಹಂಡೆಯ ಹಬೆ ಎಂದು ಒರೆಸಿಕೊಂಡರು. ಒಳ್ಳೆಯ ಉಪನ್ಯಾಸಕ ಸಭೆ ತುಂಬುವವರೆಗೆ ಒಳಗೇ ಇರಬೇಕಲ್ಲವೇ? ಇದ್ದರು. ಅಂಗಳದ ಮಾತು ಒಳಗೆ ಕೇಳುತ್ತಿತ್ತು.

"ಎಂಥಾ ಮನುಷ್ಯ!" ಎಂದಿತು ಚೋನಾಳ ದನಿ. "ಗುರುವಾರ ತಾನೇ ಬಂದು, ತಾನೇ ನಿಂತು ಬೀಸಿಸಿದ."

"ನನಗೆ ಶಾಲೆಯಲ್ಲಿ ಪಾಠ ಹೇಳಿದ್ದು ಅವರೇ ಅಲ್ವಾ" ಎಂದದ್ದು ಸಿಲ್ವೆರಿಯೋ. ಊರಲ್ಲಿ ಯಾರು ತೀರಿಕೊಂಡರೂ ಪ್ರಾರ್ಥನೆ ಹೇಳುವವನು ಅವನೇ. "ಇವತ್ತಿಗೂ ಊಟಕ್ಕೆ ಮುಂಚೆ ಕೈ ತೊಳೆಯುವಾಗ ಅವರ ನೆನಪು."

ಆಹಾ, ಪರಿಚಯ ಭಾಷಣ! ಮೇಷ್ಟ್ರಿಗೆ ಇನ್ನು ತಡೆಯಲಾಗಲಿಲ್ಲ. ಹಬೆಯಾಡುವ ದೊಡ್ಡ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕರಿ ಸೂಟಿನಲ್ಲಿ, ಗಂಭೀರವಾಗಿ ಅಂಗಳಕ್ಕೆ ಕಾಲಿಟ್ಟರು.

"ಮಹನೀಯರೇ!"

ಚೋನಾ ಕಿಟಾರನೆ ಕಿರುಚಿದ್ದಕ್ಕೆ ಮೂರು ಬೀದಿಯ ನಾಯಿಗಳು ಬೊಗಳಿದವು. ಒಂದು ಬೆಂಚು ಜನ ಸಮೇತ ಹಿಂದಕ್ಕೆ ಉರುಳಿತು. ಮೇಣದ ಬತ್ತಿಗಳು ಚೆಲ್ಲಾಪಿಲ್ಲಿಯಾದವು. ಮೇಣದ ಬತ್ತಿ? ಮೇಷ್ಟ್ರು ಆಗ ನೋಡಿದರು. ಎಲ್ಲರ ಕೈಯಲ್ಲೂ ಬತ್ತಿ, ಬಿಳಿ ಹೂವು, ಬೀನ್ಸಿನ ಚೀಲ, ಸಕ್ಕರೆ ಪೊಟ್ಟಣ, ಯಾರದೋ ಕಂಕುಳಲ್ಲಿ ಮೆಸ್ಕಾಲ್ ಸಾರಾಯಿಯ ಬಾಟಲಿ.

ಸಿಲ್ವೆರಿಯೋ ಶಿಲುಬೆಯನ್ನು ಮುಂದೆ ಹಿಡಿದು ಗದರಿದ: "ಮೇಷ್ಟ್ರೇ, ಒಂದು ಮಾತು ನಿಜ ಹೇಳಿಬಿಡಿ. ನೀವು ಸತ್ತಿದೀರೋ ಇಲ್ವೋ?"

"ನಾನ್ಯಾಕೆ ಸಾಯಲಿ? ಯಾರು ಸತ್ತದ್ದು?"

"ನೀವೇ!"

"ಯಾರು ಹೇಳಿದ್ದು?"

"ನಿಮ್ಮ ಬಾಗಿಲೇ ಹೇಳ್ತಾ ಇದೆಯಲ್ಲ" ಎಂದಳು ದೊಮಿತಿಲಾ. ಅವಳ ಕಣ್ಣು ಕೆಂಪಗಿತ್ತು, ದನಿ ಅದಕ್ಕಿಂತ ಕೆಂಪಗಿತ್ತು. "ಹೋಗಿ ನೋಡಿ."

ಮೇಷ್ಟ್ರು ಹೋಗಿ ನೋಡಿದರು. ಕಡುಕಪ್ಪಿನ, ಮಿರುಗುವ ಹೊಸ ಗಂಟು. ಅದರಿಂದ ಇರುಳೆಲ್ಲ ಇಳಿದ ಬಣ್ಣ ಪ್ರಕಟಣೆಯ ನಡುವಿನ ಸಾಲುಗಳನ್ನೆಲ್ಲ ನುಂಗಿತ್ತು. ಪೌಷ್ಟಿಕ ಮೌಲ್ಯವಿಲ್ಲ, ಆರೋಗ್ಯವಿಲ್ಲ. ಉಳಿದದ್ದು ಇಷ್ಟು: 'ಎರ್ಮಿಲೋ ಮೇಷ್ಟ್ರು. ಶನಿವಾರ ಸಂಜೆ ಐದಕ್ಕೆ, ಅವರ ಮನೆಯಲ್ಲಿ. ಎಲ್ಲರೂ ಬನ್ನಿ. ಚಾಕೊಲೇಟು ಮತ್ತು ಬನ್ನು ಇರುತ್ತದೆ.'

ಆ ಊರಲ್ಲಿ ಹಬ್ಬವಿಲ್ಲದೆ, ಮದುವೆಯಿಲ್ಲದೆ ಐದು ಕಿಲೋ ಕೋಕೋ ಬೀಸಿದರೆ, ಅರವತ್ತು ಬನ್ನು ಹೇಳಿದರೆ, ಅದಕ್ಕಿರುವುದು ಒಂದೇ ಅರ್ಥ. ಸಾವಿನ ಮನೆಗೆ ಬಂದವರಿಗೆ ಅದನ್ನೇ ಕೊಡುವುದು.

"ಅಲ್ಲಾ, ಸತ್ತವನು ತಾನೇ ಹೋಗಿ ಬನ್ನು ಹೇಳಿ ಬರ್ತಾನಾ?" ಎಂದರು ಮೇಷ್ಟ್ರು.

"ಬೇರೆಯವರಾದರೆ ಇಲ್ಲ. ನೀವಾದ್ದರಿಂದ ನಂಬಿದ್ವಿ" ಎಂದಳು ಚೋನಾ, ಇನ್ನೂ ಎದೆ ಒತ್ತಿಕೊಳ್ಳುತ್ತ. "ಎಲ್ಲಾನೂ ಮುಂಚಿತವಾಗಿ ಸಿದ್ಧಮಾಡೋ ಜನ ನೀವು."

"ನಾನು ಬೆಳಿಗ್ಗೆ ಎರಡು ಸಲ ಬಾಗಿಲು ಬಡಿದೆ" ಎಂದಳು ದೊಮಿತಿಲಾ. "ಉಸಿರಿಲ್ಲ. ಆಮೇಲೆ ಒಂದು ಕೈ ಬಂದು ಬುಟ್ಟಿ ಎಳ್ಕೊಂಡಿತು. ಪುವೆಬ್ಲಾದಿಂದ ನಿಮ್ಮ ತಮ್ಮ ಬಂದಿರಬೇಕು, ದುಃಖದಲ್ಲಿ ಮುಖ ತೋರಿಸ್ತಿಲ್ಲ ಅಂದ್ಕೊಂಡೆ. ನಾನೇ ಹೋಗಿ ಗಂಟೆ ಹೊಡೆಸಿದ್ದು!"

ತಾವು ಶಪಿಸಿದ ಹೆಣ ಯಾವುದೆಂದು ಮೇಷ್ಟ್ರಿಗೆ ಈಗ ತಿಳಿಯಿತು.

ಸತ್ತವರ ಮನೆಯಲ್ಲಿ ಹೇಗಿರಬೇಕೆಂದು ಎಲ್ಲರಿಗೂ ಗೊತ್ತು. ಸಾಯದವರ ಮನೆಯಲ್ಲಿ ಹೇಗಿರಬೇಕೆಂದು ಯಾರಿಗೂ ಹೊಳೆಯಲಿಲ್ಲ. ಒಬ್ಬ ಕೆಮ್ಮಿ ಎದ್ದ. ಇನ್ನೊಬ್ಬಳು ಬತ್ತಿಗಳನ್ನು ಆರಿಸಿಕೊಂಡು ಶಾಲಿನಲ್ಲಿ ಸುತ್ತಿದಳು. ಕತ್ತೆಗೆ ನೀರು ಕುಡಿಸುವ ಮಾತು ಕೇಳಿಬಂತು. ಬಾಗಿಲ ಕಡೆಗೆ ಒಂದು ಸಾಲು ಸರಿಯತೊಡಗಿತು.

ಮೇಷ್ಟ್ರ ಜೇಬಿನಲ್ಲಿ ಹದಿನಾಲ್ಕು ಪುಟದ ಉಪನ್ಯಾಸವಿತ್ತು. 'ನಿಲ್ಲಿ! ಮೆಗ್ನೀಸಿಯಂ!' ಎಂದು ಕೂಗಲು ಬಾಯಿ ತೆರೆದರು. ಬಂದ ಮಾತೇ ಬೇರೆ, ಅದೂ ತೀರ ಸಣ್ಣ ದನಿಯಲ್ಲಿ:

"ಚಾಕೊಲೇಟು ಆರಿಹೋಗುತ್ತೆ."

ದೊಮಿತಿಲಾ ಬಾಗಿಲ ಬಳಿ ನಿಂತಳು. ಮೇಷ್ಟ್ರ ಮುಖ ನೋಡಿದಳು, ಗಡಿಗೆ ನೋಡಿದಳು, ಗೋಡೆಗೆ ಸಾಲಾಗಿ ಜೋಡಿಸಿಟ್ಟ ನಲವತ್ತು ಲೋಟ ನೋಡಿದಳು. "ಏಯ್, ಎಲ್ಲಿಗೆ ಹೊರಟ್ರಿ?" ಎಂದು ಸಾಲಿನ ಮೇಲೆ ಹರಿಹಾಯ್ದಳು. "ನನ್ನ ಅರವತ್ತು ಬನ್ನು ಯಾರು ತಿನ್ನೋದು? ಅತ್ತಿದ್ದು ಆಗಿದೆ, ತಿಂದು ಹೋಗಿ. ಕೂತ್ಕೊಳ್ಳಿ!"

ಕೂತರು. ಆ ಗಂಟಲಿಗೆ ಎದುರಾಡುವ ಗಂಡಸು ಕಣಿವೆಯಲ್ಲಿ ಹುಟ್ಟಿರಲಿಲ್ಲ.

ಮೇಷ್ಟ್ರು ಲೋಟ ಲೋಟಕ್ಕೂ ಬಗ್ಗಿ ಬಡಿಸಿದರು. ನಲವತ್ತು ಜನ ಒಟ್ಟಿಗೆ ಮೊದಲ ಗುಟುಕು ಕುಡಿದರು. ನಲವತ್ತು ಮುಖಗಳು ಒಟ್ಟಿಗೆ ಹಿಂಡಿದ ನಿಂಬೆಹಣ್ಣಾದವು. ಅಷ್ಟು ನಿಜವಾದ ಶೋಕ ಅಲ್ಲಿಯವರೆಗೆ ಆ ಅಂಗಳದಲ್ಲಿ ಕಂಡಿರಲಿಲ್ಲ. ಸಿಲ್ವೆರಿಯೋ ನುಂಗಲೂ ಆಗದೆ ಉಗುಳಲೂ ಆಗದೆ ಆಕಾಶ ನೋಡಿದ. "ಹೃದಯಕ್ಕೆ ಬಹಳ ಒಳ್ಳೆಯದು" ಎಂದರು ಮೇಷ್ಟ್ರು. "ಹೃದಯದವರೆಗೆ ಇಳಿದರೆ ತಾನೆ!" ಎಂದ ಸಿಲ್ವೆರಿಯೋ.

ಚೋನಾ ಆಚೀಚೆ ನೋಡಿ, ಸಾವಿನ ಮನೆಗೆಂದು ತಂದಿದ್ದ ಸಕ್ಕರೆ ಪೊಟ್ಟಣವನ್ನು ಮೆಲ್ಲಗೆ ಬಿಚ್ಚಿದಳು. ಪಕ್ಕದವಳು ಲೋಟ ಚಾಚಿದಳು. ಅದರ ಪಕ್ಕದವನು ಚಾಚಿದ. ನೋಡ ನೋಡುತ್ತಿದ್ದಂತೆ ಹನ್ನೆರಡು ಪೊಟ್ಟಣ ಬಾಯಿ ಬಿಟ್ಟವು. ಮೇಷ್ಟ್ರ ಕಣ್ಣೆದುರೇ ಸಕ್ಕರೆಯ ಸಾಮ್ರಾಜ್ಯ ಚಮಚ ಚಮಚವಾಗಿ ಮರಳಿ ಸ್ಥಾಪನೆಯಾಯಿತು!

"ಅಯ್ಯೋ, ಅದೇ ವಿಷ! ಅದನ್ನೇ ನಾನು ಹೇಳಬೇಕು ಅಂತ..."

"ಮೇಷ್ಟ್ರೇ, ಸುಮ್ಮನಿರಿ" ಎಂದಳು ಚೋನಾ. "ನಿಮ್ಮ ಲಿಬ್ರಾದಾ ಹನ್ನೊಂದು ವರ್ಷ ನಿಮಗೆ ಅರ್ಧ ಸಕ್ಕರೆಯದ್ದೇ ಕುಡಿಸಿದಳು, ಗೊತ್ತಾ?"

"ಏನಂದೆ?"

"ಬೇರೆಯವರು ಒಂದು ಕಿಲೋ ಕೋಕೋಗೆ ಎರಡು ಕಿಲೋ ಸಕ್ಕರೆ ಹಾಕಿಸ್ತಾರೆ. ಅವಳು ಒಂದೇ. ನಿಮ್ಮಪ್ಪ ಸಕ್ಕರೆ ಕಾಯಿಲೆಯಲ್ಲಿ ಹೋದರಂತಲ್ಲ, ಆವತ್ತಿಂದ. ಕಡಿಮೆ ಅನ್ನಿಸಬಾರದು ಅಂತ ಚಕ್ಕೆ, ಬಾದಾಮಿ ಒಂದು ಹಿಡಿ ಜಾಸ್ತಿ."

"ನನಗ್ಯಾಕೆ ಹೇಳಲಿಲ್ಲ?"

"ಹೇಳಬೇಡ ಅಂದಿದ್ದಳು. ಹೇಳಿದರೆ ಅದರ ಮೇಲೆ ಒಂದು ಗಂಟೆ ಪಾಠ ಮಾಡ್ತಾರೆ, ಚಾಕೊಲೇಟು ಆರಿಹೋಗುತ್ತೆ ಅಂತ."

ಇಡೀ ಅಂಗಳ ನಕ್ಕಿತು. ಮೇಷ್ಟ್ರು ನಗಲು ಹೋದವರು, ಅರ್ಧದಲ್ಲೇ ಬಿಟ್ಟು ತಮ್ಮ ಲೋಟದೊಳಗೆ ನೋಡುತ್ತ ಕೂತುಬಿಟ್ಟರು. ದೊಮಿತಿಲಾ ಅವರ ಲೋಟಕ್ಕೆ ಅರ್ಧ ಚಮಚ ಸಕ್ಕರೆ ಹಾಕಿ, ಕಲಕಿ, ಬನ್ನಿನ ತುಂಡೊಂದನ್ನು ಕೈಗಿಟ್ಟಳು. ಅವರು ಅದ್ದಿ ತಿಂದರು. ಆಮೇಲೆ ಒಬ್ಬರಾದ ಮೇಲೊಬ್ಬರು ಲಿಬ್ರಾದಾಳ ಮಾತು ತೆಗೆದರು. ಅವಳು ಚೌಕಾಸಿ ಮಾಡುತ್ತಿದ್ದದ್ದು, ಮದುವೆ ಮನೆಯಲ್ಲಿ ಟರ್ಕಿ ಕೋಳಿ ಹಿಡಿದು ಕುಣಿದದ್ದು. ಎರಡು ವರ್ಷದಲ್ಲಿ ಮೊದಲ ಸಲ ಮೇಷ್ಟ್ರು "ಹೂಂ... ಹೌದಾ... ಹಾಗೂ ಉಂಟಾ?" ಎನ್ನುತ್ತ ಕೂತರು. ಹದಿನಾಲ್ಕು ಪುಟ ಜೇಬಿನಲ್ಲೇ ಉಳಿಯಿತು. ಗಡಿಯಾರ ನಡೆಯುತ್ತಿತ್ತೋ ಇಲ್ಲವೋ, ಕೇಳಿಸಲಿಲ್ಲ.

ಬಿಸಿಲು ಗೋಡೆ ಇಳಿಯುವ ಹೊತ್ತಿಗೆ ಜನ ಹೊರಟರು. ದೊಮಿತಿಲಾ ಮಾತ್ರ ನಿಂತು ಲೋಟಗಳನ್ನು ತೊಳೆದಳು. ಮೇಷ್ಟ್ರು ಒರೆಸಿದರು. ಎರಡು ಲೋಟದ ಹಳೇ ಗಡಿಗೆಯೂ ಅದರ ಪಕ್ಕದಲ್ಲಿ ಬೋರಲು ಹಾಕಿದ್ದ ಎರಡು ಲೋಟಗಳೂ ಅವಳ ಕಣ್ಣಿಗೆ ಬಿದ್ದವು. ಒಂದು ಲೋಟ ಲಿಬ್ರಾದಾಳದ್ದು, ಕಿವಿ ಮುರಿದದ್ದು. ಎರಡರ ಅಂಚಿನಲ್ಲೂ ಆ ಬೆಳಗಿನ ಚಾಕೊಲೇಟಿನ ಕಲೆಯಿತ್ತು. ದೊಮಿತಿಲಾ ಖಾಲಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಬಾಗಿಲವರೆಗೆ ಹೋಗಿ, ತಿರುಗದೆಯೇ ಅಂದಳು:

"ನಾಳೆ ಬೆಳಿಗ್ಗೆ ಬಿಸಿ ಬನ್ನು ತರ್ತೀನಿ. ಎರಡನೇ ಲೋಟ ಕುಡಿದುಬಿಡಬೇಡಿ."

ಮೇಷ್ಟ್ರು ತಲೆಯಾಡಿಸಿದರು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಮೂವತ್ತೊಂದು ವರ್ಷದ ಅಭ್ಯಾಸ; ಕಾರಣ ತಿಳಿಯದೆ ಬಿಡುವ ಜೀವವಲ್ಲ.

"ದೊಮಿತಿಲಾ, ಒಂದು ಮಾತು ಕೇಳಲಾ? ಬದುಕಿದ್ದಾಗ ಮೂರು ಸಲ ಕರೆದೆ, ಒಬ್ಬರೂ ಬರಲಿಲ್ಲ. ಸತ್ತೆ ಅಂದ ತಕ್ಷಣ ಊರಿಗೆ ಊರೇ ಬಂತು. ಯಾಕೆ?"

"ಸತ್ತವರು ಪಾಠ ಮಾಡೋದಿಲ್ಲ ಮೇಷ್ಟ್ರೇ, ಅದಕ್ಕೆ."